ಊರು ಕಟ್ಟುವುದೂ ಒಂದು ಅಮಾನತ್ತು
(ಜುಮಾ ಪ್ರವಚನದ ಸಾರಾಂಶ)

ಮಳೆ ಸುರಿಸಿ ಒಣಗಿದ ನೆಲಕ್ಕೆ ಜೀವ ಕೊಡುವ ಅಲ್ಲಾಹನಿಗೆ ನಮ್ಮ ಸ್ತುತಿ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಅವರ ಸಂಗಾತಿಗಳ ಮೇಲೆ ಸಲಾಂ.

ಹಿರಿಯರೇ, ಸಹೋದರರೇ, ಮನೆಯಲ್ಲಿ ಈ ಪತ್ರಿಕೆ ಓದುವ ತಾಯಂದಿರೇ,

ಇಂದಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ರಸ್ತೆ, ಗಟಾರ, ಗಿಡ, ಕೆರೆ, ಸೈಟು, ಲೇಔಟು ಇವೆಲ್ಲ ನಗರಸಭೆಯ ಮಾತು, ಮಿಂಬರಿನ ಮೇಲೆ ಇವಕ್ಕೇನು ಕೆಲಸ ಎಂದು ಕೇಳಬಹುದು. ಈಮಾನಿಗೆ ಅನೇಕ ಶಾಖೆಗಳಿವೆ, ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ತೌಹೀದ್, ಎಲ್ಲಕ್ಕಿಂತ ಕೆಳಗಿನದು ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ತೆಗೆದುಹಾಕುವುದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕೆಳಗಿನದಾದರೂ ಅದು ಈಮಾನಿನದೇ ಶಾಖೆ. ದಾರಿಯ ಮೇಲಿನ ಒಂದು ಮುಳ್ಳು ತೆಗೆಯುವುದು ಧರ್ಮದ ಕೆಲಸವಾದರೆ, ಮುಳ್ಳಿಲ್ಲದ ದಾರಿಯನ್ನು ಮೊದಲೇ ಯೋಚಿಸಿ ಹಾಕುವುದು ಧರ್ಮದ ಕೆಲಸ ಆಗದೆ ಹೋಗುತ್ತದೆಯೇ?

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆಯ ನಾವು ಹೊಳೆಯನ್ನು ನಂಬಿ ಬದುಕಿದವರು. ಆ ಕಡೆ ಕೃಷ್ಣೆ, ಈ ಕಡೆ ಘಟಪ್ರಭೆ. ಕಬ್ಬು, ನೂಲು, ಕುಡಿಯುವ ನೀರು ಎಲ್ಲವೂ ಅವುಗಳ ಪುಣ್ಯ. ಅದೇ ಹೊಳೆ 2005ರಲ್ಲಿ, 2019ರಲ್ಲಿ, 2021ರಲ್ಲಿ ನಮ್ಮ ಹಳ್ಳಿಗಳ ಒಳಗೆ ಬಂತು. ಇನ್ನೊಂದು ಕಡೆ ಆಲಮಟ್ಟಿ ಅಣೆಕಟ್ಟಿದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು, 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. ಈಗ ನೀರು ನಿಲ್ಲುವ ಗರಿಷ್ಠ ಮಟ್ಟ 519.60 ಮೀಟರ್. ಇದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ನೆರೆರಾಜ್ಯಗಳ ತಕರಾರು ಇನ್ನೂ ಇದೆ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿನ ಬೆಲೆ ನಿಗದಿ ಮಾಡಿತು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಮುಳುಗುವ ಜಮೀನು ಸುಮಾರು 75 ಸಾವಿರ ಎಕರೆ.

ಈ ಲೆಕ್ಕವನ್ನು ಚಹಾದಂಗಡಿಯಲ್ಲಿ ಎಲ್ಲರೂ ಮಾತಾಡುತ್ತಾರೆ. ಎಷ್ಟು ಬಂತು, ಯಾವಾಗ ಬರುತ್ತದೆ, ಯಾರ ಹೆಸರಿಗೆ ಬರುತ್ತದೆ ಎಂಬ ಮಾತೇ ಎಲ್ಲ ಕಡೆ. ಆದರೆ ಹೊಸ ಊರು ಹೇಗಿರಬೇಕು ಎಂದು ಕೇಳುವವರು ಕಡಿಮೆ. ದುಡ್ಡು ಎರಡು ವರ್ಷದಲ್ಲಿ ಕರಗಬಹುದು. ಊರಿನ ನಕ್ಷೆ ಒಮ್ಮೆ ನೆಲದ ಮೇಲೆ ಬಿದ್ದರೆ ಮೂರು ತಲೆಮಾರು ಅದರೊಳಗೇ ಬದುಕಬೇಕು. ಮುಳುಗಡೆ ಇಲ್ಲದ ಕಡೆಯೂ ಕಥೆ ಬೇರೆಯಲ್ಲ. ನಮ್ಮ ಪಟ್ಟಣಗಳ ಸುತ್ತಲಿನ ಹೊಲಗಳು ಒಂದೊಂದಾಗಿ ಸೈಟುಗಳಾಗುತ್ತಿವೆ. ಕಲ್ಲು ನೆಟ್ಟು ಸುಣ್ಣದ ಗೆರೆ ಎಳೆದರೆ ಊರು ಆಯಿತು ಎಂದು ನಾವು ತಿಳಿದಿದ್ದೇವೆ.

ಪ್ರವಾದಿ(ಸ) ಮದೀನಕ್ಕೆ ಬಂದಾಗ ಏನು ಮಾಡಿದರು ಎಂಬುದನ್ನು ನೋಡೋಣ. ಅವರೂ ಊರು ಬಿಟ್ಟು ಬಂದವರು, ಜೊತೆಗೆ ಬಂದವರು ಮನೆಮಾರು ಕಳೆದುಕೊಂಡವರು. ಮೊದಲು ಒಂದು ಮಸೀದಿ ಎದ್ದಿತು. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಬೊಡ್ಡೆಯ ಕಂಬ, ಅದರ ಗರಿಯ ಮಾಡು. ಆ ನೆಲದಲ್ಲಿ ಸಿಗುವ ಸಾಮಾನಿನಿಂದ, ಆ ಬಿಸಿಲಿಗೆ ತಕ್ಕಂತೆ ಕಟ್ಟಿದ ಮಸೀದಿ. ಅದರ ಒಂದು ಬದಿಗೆ ಮನೆಯಿಲ್ಲದವರಿಗೆ ನೆರಳಿನ ಜಾಗ ಬಿಟ್ಟರು. ಅಲ್ಲಿದ್ದವರನ್ನೇ ಅಸ್‌ಹಾಬುಸ್ಸುಫ್ಫಾ ಎನ್ನುತ್ತೇವೆ. ಬಂದವರನ್ನೂ ಇದ್ದವರನ್ನೂ ಅಣ್ಣತಮ್ಮಂದಿರಾಗಿ ಜೋಡಿಸಿದರು. ಬೇರೆ ಧರ್ಮದವರೊಡನೆ ಒಪ್ಪಂದ ಮಾಡಿಕೊಂಡರು. ಸಂತೆಗೆ ಬೇರೆ ಜಾಗ ಗೊತ್ತುಮಾಡಿ, ಅಲ್ಲಿ ಕರ ಹಾಕಬಾರದೆಂದರು ಎಂದು ಇತಿಹಾಸಕಾರರು ಬರೆದಿದ್ದಾರೆ. ಮದೀನದ ಹರಮ್ ಗಡಿಯೊಳಗೆ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ದಾರಿಯ ಅಗಲದ ಬಗ್ಗೆ ಜಗಳ ಬಂದರೆ ಏಳು ಮೊಳ ಬಿಡಿ ಎಂದು ತೀರ್ಪು ಕೊಟ್ಟರು. ಏಳು ಮೊಳ ಎಂದರೆ ಹತ್ತು ಅಡಿಗೂ ಹೆಚ್ಚು. ಕಾರು, ಟ್ರ್ಯಾಕ್ಟರ್ ಇಲ್ಲದ ಆ ಕಾಲದಲ್ಲಿ ಹತ್ತು ಅಡಿ! ನಮ್ಮ ಎಷ್ಟೋ ಓಣಿಗಳಲ್ಲಿ ಇಂದು ಜನಾಜಾ ಹೊತ್ತು ನಾಲ್ವರು ಸರಿಯಾಗಿ ನಡೆಯಲು ಆಗುವುದಿಲ್ಲ. ಎರಡೂ ಕಡೆಯ ಕಟ್ಟೆ, ಮೆಟ್ಟಿಲು, ಬೈಕು ದಾರಿಯನ್ನು ತಿಂದುಹಾಕಿವೆ.

ನೀರಿನ ವಿಷಯಕ್ಕೆ ಬನ್ನಿ. ಮದೀನದಲ್ಲಿ ರೂಮಾ ಎಂಬ ಬಾವಿಯ ನೀರು ದುಡ್ಡಿಗೆ ಸಿಗುತ್ತಿತ್ತು. ಹಝ್ರತ್ ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮ ಎಂದು ಹಝ್ರತ್ ಸಅದ್ ಬಿನ್ ಉಬಾದಾ(ರ) ಕೇಳಿದಾಗ, ಪ್ರವಾದಿ(ಸ) ನೀರನ್ನು ಹೇಳಿದರು. ಅವರು ಬಾವಿ ತೋಡಿಸಿದರು. ಹುಲ್ಲುಗಾವಲಿನ ವಿಷಯದಲ್ಲಿ ಹಝ್ರತ್ ಉಮರ್(ರ) ಅವರ ಒಂದು ಆದೇಶ ನಾವೆಲ್ಲ ನೆನಪಿಡುವಂಥದ್ದು. ಸರ್ಕಾರಿ ಹುಲ್ಲುಗಾವಲಿಗೆ ಕಾವಲುಗಾರನನ್ನು ನೇಮಿಸಿ, ನಾಲ್ಕು ಒಂಟೆ, ಹತ್ತು ಕುರಿ ಇರುವ ಬಡವನನ್ನು ಒಳಗೆ ಬಿಡು, ದೊಡ್ಡ ಮಂದೆಯ ಸಿರಿವಂತರನ್ನು ತಡೆ ಎಂಬ ಅರ್ಥದ ಮಾತು ಹೇಳಿದರು. ಆ ಸಿರಿವಂತರ ಸಾಲಿನಲ್ಲಿ ಅವರು ಹೆಸರಿಸಿದ್ದು ದೊಡ್ಡ ದೊಡ್ಡ ಸಹಾಬಿಗಳನ್ನೇ. ಊರಿನ ಬಯಲು ಯಾರಿಗಾಗಿ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ?

ಇದೆಲ್ಲ ಅರಬರ ದೂರದ ಕಥೆ ಎನ್ನುವಂತಿಲ್ಲ. ನಮ್ಮ ಜಿಲ್ಲೆ 1997ರವರೆಗೆ ವಿಜಾಪುರ ಜಿಲ್ಲೆಯ ಭಾಗವೇ ಆಗಿತ್ತು. ಆ ವಿಜಾಪುರಕ್ಕೆ ಹೋದವರೆಲ್ಲ ಗೋಳಗುಮ್ಮಟ ಹತ್ತಿ ಕೂಗು ಹಾಕಿ ಬರುತ್ತಾರೆ. ಅದರ ನೀರಿನ ಕಥೆ ಕೇಳಿ ಬರುವವರು ಕಡಿಮೆ. ಅದು ದೊಡ್ಡ ಹೊಳೆಯ ದಡದ ಊರಲ್ಲ. ಮಳೆ ಕಡಿಮೆಯ, ಬಂಡೆಯ ನೆಲ. ಅಲ್ಲಿ 1579ರಲ್ಲಿ ಒಂದನೇ ಅಲಿ ಆದಿಲಶಾಹ ಚಾಂದ ಬಾವಡಿ ಕಟ್ಟಿಸಿದ. 1620ರಲ್ಲಿ ಎರಡನೇ ಇಬ್ರಾಹಿಮನ ಕಾಲಕ್ಕೆ ತಾಜ್ ಬಾವಡಿ ಆಯಿತು. 1651ರಲ್ಲಿ ಮುಹಮ್ಮದ್ ಆದಿಲಶಾಹ ಬೇಗಂ ತಾಲಾಬ್ ಕಟ್ಟಿಸಿದ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ಮಣ್ಣಿನ ಕೊಳವೆಗಳಲ್ಲಿ ಓಣಿ ಓಣಿಗೆ ಹಂಚಿದರು. ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿದರು. ಪಂಪಿಲ್ಲ, ಕರೆಂಟಿಲ್ಲ. ನೆಲದ ಇಳಿಜಾರೇ ಅವರ ಪಂಪು. ಬೀದರಿನ ನೌಬಾದದ ಕರೇಜ್ ಕೂಡ ಇದೇ ಬುದ್ಧಿಯ ಕೆಲಸ. ಇಬ್ರಾಹಿಂ ಬಾದಶಹ ಸಂಗೀತಪ್ರಿಯ. ಅವನ ಕಿತಾಬ್-ಎ-ನವರಸ್‌ನಲ್ಲಿ ಸರಸ್ವತಿಯ ಸ್ಮರಣೆಯೂ ಇದೆ, ಜನ ಅವನನ್ನು ಜಗದ್ಗುರು ಬಾದಶಹ ಎಂದು ಕರೆದರು. ನೀರೂ ನಾದವೂ ನೆರೆಹೊರೆಯೂ ಒಟ್ಟಿಗೆ ಇದ್ದ ಊರು ಅದು.

ಆದರೆ ಅದರಲ್ಲಿ ನಮಗೆ ಎಚ್ಚರಿಕೆಯೂ ಇದೆ. ನಲ್ಲಿ ಬಂದ ಮೇಲೆ ಬಾವಡಿಗಳನ್ನು ಮರೆತರು. ಹೂಳು ತುಂಬಿತು, ಕಸ ಬಿತ್ತು. ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿದ ಮೇಲೆ ಎಷ್ಟೋ ಬಾವಡಿಗಳು ಮತ್ತೆ ಉಸಿರಾಡಿದವು. ಕಟ್ಟಿದವರ ಪುಣ್ಯ ಅವರಿಗೆ. ಕಾಯ್ದುಕೊಳ್ಳುವ ಹೊಣೆ ಇದ್ದವರದ್ದು. ನಮ್ಮ ಊರುಗಳ ಹಳೆಯ ಬಾವಿಗಳಲ್ಲಿ ಎಷ್ಟು ಉಳಿದಿವೆ, ಎಷ್ಟರಲ್ಲಿ ನಾವೇ ಹಳೆ ಚಪ್ಪಲಿ, ಪ್ಲಾಸ್ಟಿಕ್ ತಟ್ಟೆ ಎಸೆದಿದ್ದೇವೆ ಎಂದು ಎಣಿಸಿ ನೋಡಿ. ನೀರಿನ ತಾಣ, ದಾರಿ, ನೆರಳು ಈ ಮೂರು ಜಾಗಗಳಲ್ಲಿ ಹೊಲಸು ಮಾಡುವುದು ಶಾಪ ತರುವ ಕೆಲಸ ಎಂದು ಹದೀಸ್ ಎಚ್ಚರಿಸುತ್ತದೆ. ನೀರು, ದಾರಿ, ನೆರಳು: ಒಂದು ಊರಿಗೆ ಬೇಕಾದ ಮುಖ್ಯವಾದ ಮೂರನ್ನೂ ಒಂದೇ ಮಾತಿನಲ್ಲಿ ಹೇಳಿದ್ದಾರೆ.

ಈಗ ಹೊಸ ಊರುಗಳ ವಿಷಯ. ನಮ್ಮ ಕಣ್ಣೆದುರೇ ಎರಡು ಪಾಠಗಳಿವೆ.

ಒಂದು, ಬಾಗಲಕೋಟೆಯ ನವನಗರ. ಹಿನ್ನೀರಿನಲ್ಲಿ ಹಳೆ ಪಟ್ಟಣದ ಭಾಗಗಳು ಮುಳುಗಿದಾಗ ಜನ ಅಲ್ಲಿಗೆ ಹೋದರು. ಅಗಲವಾದ ರಸ್ತೆ, ಸೆಕ್ಟರುಗಳು, ಶಾಲೆ, ಆಸ್ಪತ್ರೆ, ಸಾಲುಮರ ಎಲ್ಲ ಬಂದವು. ಬೇಸಿಗೆಯಲ್ಲಿ ಅಲ್ಲಿನ ಕೆಲವು ರಸ್ತೆಗಳಲ್ಲಿ ನಡೆದರೆ ಮರಗಳ ಬೆಲೆ ತಿಳಿಯುತ್ತದೆ. ಒಳ್ಳೆಯದನ್ನು ಒಳ್ಳೆಯದು ಎನ್ನಬೇಕು. ಆದರೆ ಹಳೆ ಊರಿನಲ್ಲಿ ಒಂದೇ ಓಣಿಯಲ್ಲಿದ್ದವರು ಅಲ್ಲಿ ಒಬ್ಬರು ಒಂದು ಸೆಕ್ಟರು, ಇನ್ನೊಬ್ಬರು ಮತ್ತೊಂದು ಸೆಕ್ಟರು ಆದರು. ಹಬ್ಬದ ಶೀರಖುರ್ಮಾ ಕೊಡಲು ಪಕ್ಕದ ಮನೆಗೆ ಹೋಗುತ್ತಿದ್ದವರು ಆಟೋ ಹತ್ತಬೇಕಾಯಿತು. ಜವಳಿಗೆ, ಬಂಗಾರಕ್ಕೆ ಇಂದಿಗೂ ಜನ ಹಳೆ ಪೇಟೆಗೇ ಹೋಗುತ್ತಾರೆ. ನಕ್ಷೆ ಹಾಕುವವರು ಮನೆಗಳನ್ನು ಎಣಿಸುತ್ತಾರೆ. ಮನೆ ಮತ್ತು ಮನೆಯ ನಡುವಿನ ಸಂಬಂಧವನ್ನು ಎಣಿಸಬೇಕಾದವರು ನಾವು.

ಎರಡನೆಯದು, 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಆಸರೆ ಮನೆಗಳು. ಒಳ್ಳೆಯ ಉದ್ದೇಶದಿಂದ ಸಾವಿರಾರು ಮನೆ ಕಟ್ಟಿದರು, ದಾನಿಗಳೂ ಕೈ ಜೋಡಿಸಿದರು. ಆದರೂ ಎಷ್ಟೋ ಕಡೆ ಜನ ಹೋಗಲಿಲ್ಲ, ಹೋದವರೂ ಮರಳಿದರು. ಮನೆ ಚಿಕ್ಕದು, ಹೊಲ ದೂರ, ಎತ್ತು ಎಮ್ಮೆ ಕಟ್ಟಲು ಜಾಗವಿಲ್ಲ, ಮೇವಿನ ಬಣವೆ ಒಟ್ಟಲು ಹಿತ್ತಲಿಲ್ಲ. ಮನೆ ಇತ್ತು, ಬದುಕಲು ಅವಕಾಶ ಇರಲಿಲ್ಲ. ಮುಳ್ಳುಜಾಲಿ ಬೆಳೆದ ಅಂಥ ಸಾಲುಮನೆಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ನೇಕಾರನಿಗೆ ಮನೆ ಎಂದರೆ ಬರೀ ಮಲಗುವ ಕೋಣೆಯಲ್ಲ. ಅಲ್ಲಿ ಕುಣಿಮಗ್ಗ ಬೇಕು, ಇಲ್ಲವೇ ವಿದ್ಯುತ್ ಮಗ್ಗ ನಿಲ್ಲಿಸುವ ಗಟ್ಟಿ ನೆಲ ಬೇಕು. ಅಜ್ಜಿ ಕಂಡಿಕೆ ಸುತ್ತಲು ಬೆಳಕು ಬೀಳುವ ಮೂಲೆ ಬೇಕು. ಹಿಂದೆ ಹಾಸು ಬಿಡಲು ಉದ್ದನೆಯ ನೇರ ಓಣಿ ಬೇಕಾಗುತ್ತಿತ್ತು, ಅದಕ್ಕೆ ತಕ್ಕಂತೆ ನೇಕಾರರ ಓಣಿಗಳು ಬೆಳೆದವು. ಇಂಥವನಿಗೆ ಊರಾಚೆ 30-40ರ ಸೈಟು ಕೊಟ್ಟು ಕಳಿಸಿದರೆ ಅವನಿಗೆ ಸೂರು ಸಿಗುತ್ತದೆ, ಕಸುಬು ಹೋಗುತ್ತದೆ. ಸಂಸ್ಕೃತಿ ಎಂದರೆ ವೇದಿಕೆಯ ಮೇಲಿನ ಕಾರ್ಯಕ್ರಮ ಮಾತ್ರ ಎಂದು ತಿಳಿಯಬೇಡಿ. ಮಗ್ಗದ ಸದ್ದು, ಸಂತೆಯ ದಿನ, ಅಗಸಿಯ ಕಟ್ಟೆ, ಪಾರಿಜಾತದ ಆಟಕ್ಕೆ ಬಯಲು, ಈದಿನ ದಿನ ನಮ್ಮ ಮನೆಗೆ ಬರುವ ಲಿಂಗಾಯತ ಗೆಳೆಯ, ಜಾತ್ರೆಯ ದಿನ ಅವನ ಮನೆಗೆ ಹೋಗುವ ನಾವು, ಇದೆಲ್ಲವೂ ಸಂಸ್ಕೃತಿಯೇ. ಇದಕ್ಕೆಲ್ಲ ಜಾಗ ಬೇಕು. ನಕ್ಷೆಯಲ್ಲಿ ಜಾಗ ಬಿಡದಿದ್ದರೆ ಬದುಕಿನಲ್ಲಿಯೂ ಉಳಿಯುವುದಿಲ್ಲ.

ಪವಿತ್ರ ಕುರ್‌ಆನಿನ ಸಬಅ್ ಅಧ್ಯಾಯದಲ್ಲಿ ಒಂದು ಊರಿನ ಕಥೆ ಬರುತ್ತದೆ. ಯಮನಿನ ಸಬಅ್ ಜನ, ಮಾರಿಬ್ ಅಣೆಕಟ್ಟು ಕಟ್ಟಿದವರು. ಎಡಕ್ಕೊಂದು ಬಲಕ್ಕೊಂದು ತೋಟ, ನಡುವೆ ಊರು. ಪಯಣಿಗರಿಗೆ ದಾರಿಯುದ್ದಕ್ಕೂ ಹತ್ತಿರ ಹತ್ತಿರ ಊರುಗಳು, ರಾತ್ರಿ ಹಗಲು ನಿರ್ಭಯ. ಅವರು ಕೃತಜ್ಞತೆ ಮರೆತರು. ಅಣೆಕಟ್ಟಿನ ಪ್ರವಾಹ ಬಂತು, ಸಿಹಿ ಹಣ್ಣಿನ ತೋಟದ ಜಾಗದಲ್ಲಿ ಕಹಿ ಹಣ್ಣಿನ ಪೊದೆ ಉಳಿಯಿತು. ಇದರಲ್ಲಿ ಇನ್ನೊಂದು ಮಾತಿದೆ. ಹತ್ತಿರ ಇದ್ದ ಊರುಗಳು ಅವರಿಗೆ ಬೇಡವಾದವು, ತಮ್ಮ ಪಯಣದ ದೂರ ಹೆಚ್ಚಲಿ ಎಂದು ಬಯಸಿದರು. ಇಂದು ನಾವೂ ಅದನ್ನೇ ಬಯಸುತ್ತಿದ್ದೇವಲ್ಲವೇ? ನಡೆದು ಹೋಗುವಷ್ಟು ಹತ್ತಿರ ಶಾಲೆ, ದವಾಖಾನೆ, ಸಂತೆ, ಮಸೀದಿ ಇದ್ದರೆ ಅದು ಬಡ ಓಣಿ ಎನ್ನುತ್ತೇವೆ. ಊರಾಚೆ ಲೇಔಟಿನಲ್ಲಿ ಸೈಟು ಕೊಂಡು, ಹಾಲಿಗೂ ಬೈಕು ಹತ್ತುವುದನ್ನು ದೊಡ್ಡಸ್ತಿಕೆ ಎನ್ನುತ್ತೇವೆ. ಸಕ್ಕರೆ ರೋಗ, ಬಿ.ಪಿ. ನಮ್ಮ ಮನೆಗಳಿಗೆ ಬಂದಿದ್ದರಲ್ಲಿ ಊಟದ ಪಾಲು ಇದೆ, ನಡಿಗೆ ಬಿಟ್ಟ ಪಾಲೂ ಇದೆ.

ಮನೆಗಳನ್ನೇ ನೋಡಿ. ನಮ್ಮ ಹಿರಿಯರ ಮೇಲ್ಮುದ್ದಿ ಮನೆಗಳಲ್ಲಿ ಎರಡು ಅಡಿಯ ಮಣ್ಣಿನ ಗೋಡೆ, ಮೇಲೆ ಬೆಳಕಿಂಡಿ, ಮುಂದೆ ಕಟ್ಟೆ, ಹಿಂದೆ ಬೇವಿನ ಗಿಡ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿ ಮಲಗಿದರೆ ನಿದ್ದೆ ಹತ್ತುತ್ತಿತ್ತು. ಇಂದು ತೆಳುಗೋಡೆ, ಸಿಮೆಂಟ್ ಮಾಡು, ತಗಡಿನ ಶೆಡ್ಡು. ಅದರೊಳಗೆ ಹೆಣ್ಣುಮಕ್ಕಳು, ವಯಸ್ಸಾದವರು ಇಡೀ ದಿನ ಬೇಯುತ್ತಾರೆ. ಗಂಡಸರು ಮರದ ನೆರಳಿಗೆ ಹೋಗಿ ಕೂರುತ್ತಾರೆ. ಇದೂ ಒಂದು ಅನ್ಯಾಯ. ಹಳೆಯದೆಲ್ಲ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಮಳೆ ಹೆಚ್ಚಾದರೆ ಆ ಮಣ್ಣಿನ ಮನೆಗಳೇ ಮೊದಲು ಬಿದ್ದವು, ಜೀವ ತೆಗೆದವು. ಗೋಡೆ ಗಟ್ಟಿಯಾಗಲಿ, ಆದರೆ ಗಾಳಿ ಎತ್ತ ಬೀಸುತ್ತದೆ, ಬಿಸಿಲು ಎತ್ತ ಬೀಳುತ್ತದೆ ಎಂದು ಕೇಳುವ ಹಿರಿಯರ ಬುದ್ಧಿ ಉಳಿಯಲಿ.

ಪ್ರವಾದಿ(ಸ) ಹೇಳಿದ ಹಡಗಿನ ಹೋಲಿಕೆ ನಮಗೆ ಗೊತ್ತಿದೆ. ಕೆಲವರು ಮೇಲಿನ ಅಟ್ಟದಲ್ಲಿ, ಕೆಲವರು ಕೆಳಗೆ. ಕೆಳಗಿನವರು ನೀರಿಗಾಗಿ ತಮ್ಮ ಭಾಗದಲ್ಲಿ ತೂತು ಕೊರೆಯಲು ಹೊರಟರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದರೆ ಎಲ್ಲರೂ ಉಳಿಯುತ್ತಾರೆ. ಊರೂ ಅಂಥದೇ ಹಡಗು. ಹಳ್ಳದ ಜಾಗ ಮುಚ್ಚಿ ಮನೆ ಕಟ್ಟಿದವನು ನನ್ನ ಜಾಗ ಎನ್ನುತ್ತಾನೆ, ಮಳೆ ಬಂದಾಗ ನೀರು ಹತ್ತು ಮನೆಗೆ ನುಗ್ಗುತ್ತದೆ. ನೂಲಿಗೆ ಬಣ್ಣ ಹಾಕಿದ ನೀರನ್ನು ಗಟಾರಕ್ಕೆ ಬಿಟ್ಟವನು ನನ್ನ ಕಸುಬು ಎನ್ನುತ್ತಾನೆ, ಅದು ಹೋಗಿ ಸೇರುವುದು ಎಲ್ಲರೂ ಕುಡಿಯುವ ಹೊಳೆಗೆ. ಕಬ್ಬಿನ ರವದಿಗೆ ಬೆಂಕಿ ಇಟ್ಟವನು ನನ್ನ ಹೊಲ ಎನ್ನುತ್ತಾನೆ, ಹೊಗೆ ಕುಡಿಯುವುದು ಪಕ್ಕದ ಓಣಿಯ ಉಬ್ಬಸದ ಮಗು. ಹೊಟ್ಟೆಪಾಡನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ತೂತು ಕೊರೆಯದೆ ನೀರು ಪಡೆಯುವ ದಾರಿಯನ್ನು ಎಲ್ಲರೂ ಕೂತು ಹುಡುಕಬೇಕು, ಅದರ ಖರ್ಚನ್ನು ಮೇಲಿನ ಅಟ್ಟದವರೂ ಹೊರಬೇಕು.

ಬೇರೆಯವರಿಗೆ ಹೇಳುವ ಮುನ್ನ ನಮ್ಮ ಮಸೀದಿಯ ಬಾಗಿಲಿನಿಂದ ಶುರು ಮಾಡೋಣ. ಜುಮಾ ದಿನ ರಸ್ತೆಗೆ ಅಡ್ಡ ನಿಲ್ಲಿಸಿದ ಬೈಕುಗಳು ಯಾರವು? ಮಸೀದಿಯ ಮಳಿಗೆಗಳ ಮುಂದೆ ಗಟಾರದ ಮೇಲೆ ಚಾಚಿದ ಕಟ್ಟೆ ಯಾರದು? ವಲೀಮಾದ ಮರುದಿನ ಬಯಲಿನಲ್ಲಿ ಹಾರುವ ಪ್ಲಾಸ್ಟಿಕ್ ಲೋಟ ಯಾರವು? ದಾರಿಯಲ್ಲಿ ಕೂರಲೇಬೇಕೆಂದರೆ ದಾರಿಯ ಹಕ್ಕು ಸಲ್ಲಿಸಿ ಎಂದು ಪ್ರವಾದಿ(ಸ) ಸಹಾಬಿಗಳಿಗೆ ಹೇಳಿದ್ದರು. ದಾರಿಗೂ ಹಕ್ಕಿದೆ.

ಈಗ ಮಾಡಬೇಕಾದ ಕೆಲಸಗಳನ್ನು ಹೇಳುತ್ತೇವೆ.

ಮೊದಲನೆಯದು ಮಳೆನೀರು. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. 3,000 ಚದರ ಅಡಿ ಮಾಡಿರುವ ಒಂದು ಮಸೀದಿಯ ಮೇಲೆ ಬೀಳುವ ನೀರು ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಲಕ್ಷ ಲೀಟರ್. ಐದನೇ ಒಂದು ಭಾಗ ಹೋಯಿತೆಂದರೂ ಒಂದು ಲಕ್ಷ ಲೀಟರಿಗೂ ಹೆಚ್ಚು ಉಳಿಯುತ್ತದೆ. ಒಂದು ಕೊಳವೆ, ಒಂದು ಸೋಸುಗುಂಡಿ ಇದ್ದರೆ ಅದು ನಮ್ಮ ಬೋರ್‌ವೆಲ್ಲಿಗೆ ಇಳಿಯುತ್ತದೆ. ಈಗ ಅದು ಗಟಾರಕ್ಕೆ ಹೋಗುತ್ತಿದೆ.

ಎರಡನೆಯದು ವುಝೂ ನೀರು. ಹರಿಯುವ ಹೊಳೆಯ ದಡದಲ್ಲಿ ಕೂತರೂ ನೀರು ಪೋಲು ಮಾಡಬಾರದು ಎಂಬ ಹದೀಸ್ ಕೃಷ್ಣೆಯ ದಡದ ನಮಗೇ ಹೇಳಿದಂತಿದೆ. ಪ್ರವಾದಿ(ಸ) ವುಝೂ ಮಾಡುತ್ತಿದ್ದದ್ದು ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗಿಂತ ಕಡಿಮೆ. ನಾವು ನಲ್ಲಿ ಬಿಟ್ಟು ಮಾತಾಡುತ್ತಾ ನಾಲ್ಕು ಲೀಟರ್ ಸುರಿಯುತ್ತೇವೆ ಎಂದುಕೊಳ್ಳಿ. ಐದು ಹೊತ್ತಿಗೆ ಅರವತ್ತು ಅರವತ್ತು ಜನ ಎಂದರೆ ದಿನಕ್ಕೆ 1,200 ಲೀಟರ್. ಮೊದಲು ನಲ್ಲಿ ಸಣ್ಣಗೆ ಮಾಡೋಣ. ಹರಿದ ನೀರನ್ನು ಗಿಡಗಳಿಗೆ ತಿರುಗಿಸೋಣ. 1,200 ಲೀಟರ್ ಎಂದರೆ ಅರವತ್ತು ಸಸಿಗಳಿಗೆ ತಲಾ 20 ಲೀಟರ್.

ಮೂರನೆಯದು ನೆರಳು. ಕಿಯಾಮತ್ ಬಂದೇಬಿಟ್ಟಿತು ಎನ್ನುವಾಗಲೂ ಕೈಯಲ್ಲಿ ಸಸಿ ಇದ್ದರೆ ನೆಟ್ಟುಬಿಡಿ ಎಂದು ಕಲಿಸಿದ ಪ್ರವಾದಿಯ ಸಮುದಾಯ ನಾವು. ನೆಟ್ಟ ಗಿಡದ ಹಣ್ಣನ್ನು ಹಕ್ಕಿ ತಿಂದರೂ ಅದು ಸದಕಾ. ಉಸ್ಮಾನಿ ತುರ್ಕರು ಮಸೀದಿಯ ಗೋಡೆಗಳಲ್ಲಿ ಹಕ್ಕಿಗಳಿಗೆ ಕಲ್ಲಿನ ಪುಟ್ಟ ಮನೆಗಳನ್ನೇ ಕೆತ್ತಿಸಿದರು. ನಮ್ಮ ಈದ್‌ಗಾಹ್‌ಗಳು ವರ್ಷಕ್ಕೆ ಎರಡು ದಿನ ತುಂಬುತ್ತವೆ, ಉಳಿದ ದಿನ ಖಾಲಿ. ಈದ್‌ಗಾಹ್, ಕಬರಸ್ತಾನಗಳ ಗಡಿಯುದ್ದಕ್ಕೂ ಬೇವು, ಹುಣಸೆ, ಹೊಂಗೆ ಬೆಳೆಸಿ. ಒಂದು ಸಸಿಗೆ ಒಂದು ಮನೆ ಹೊಣೆ ಹೊರಲಿ. ಫೋಟೊ ತೆಗೆಸಿಕೊಂಡು ಮರೆತ ಸಸಿ ಬೇಡ, ಮೂರು ಬೇಸಿಗೆ ದಾಟಿದ ಸಸಿ ಬೇಕು. ಆ ನೆರಳಿನಲ್ಲಿ ಯಾವ ಧರ್ಮದವನು ಕೂತರೂ ಪುಣ್ಯ ಒಂದೇ.

ನಾಲ್ಕನೆಯದು ಕಾಗದದ ಕೆಲಸ. ಇದರಲ್ಲಿ ನಾವು ಬಹಳ ಹಿಂದೆ. 2013ರ ಭೂಸ್ವಾಧೀನ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಪುನರ್ವಸತಿ ಊರಿಗೆ ಏನೇನು ಬೇಕೆಂದು ಬರೆದಿದೆ. ರಸ್ತೆ, ಚರಂಡಿ, ಜನರಿಗೂ ದನಗಳಿಗೂ ಕುಡಿಯುವ ನೀರು, ಗೋಮಾಳ, ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಮಕ್ಕಳ ಆಟದ ಬಯಲು, ಸಮುದಾಯ ಭವನ, ಪ್ರಾರ್ಥನಾ ಸ್ಥಳ, ಆಯಾ ಸಮುದಾಯದ ರುದ್ರಭೂಮಿ ಎಲ್ಲವೂ ಅದರಲ್ಲಿವೆ. ಇದು ಯಾರ ಭಿಕ್ಷೆಯೂ ಅಲ್ಲ, ಕಾನೂನಿನ ಮಾತು. ಗ್ರಾಮಸಭೆ ಕರೆದಾಗ ಹೋಗಿ. ಪಟ್ಟಣಗಳ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಅವಧಿ ಕೊಡುತ್ತಾರೆ, ಆಗ ನೋಡಿ, ಓದಿ, ಬರೆದುಕೊಡಿ. ಓದಿದ ಹುಡುಗರು ನಕ್ಷೆ ಓದುವುದನ್ನು ಹಿರಿಯರಿಗೆ ಕಲಿಸಲಿ. ಕೇಳುವಾಗ ನಮ್ಮ ಮಸೀದಿ, ನಮ್ಮ ಕಬರಸ್ತಾನ ಎಂದಷ್ಟೇ ಕೇಳಬೇಡಿ. ದೇವಸ್ಥಾನದವರು, ಮಠದವರು, ದಲಿತ ಕೇರಿಯವರು, ನೇಕಾರರು ಎಲ್ಲರೊಡನೆ ಕೂತು ಒಂದೇ ಅರ್ಜಿ ಬರೆಯಿರಿ. ಒಂದು ಓಣಿಯಲ್ಲಿದ್ದವರಿಗೆ ಹೊಸ ಊರಿನಲ್ಲೂ ಒಂದೇ ಓಣಿ ಕೊಡಿ, ಕಸುಬಿಗೆ ತಕ್ಕ ಹಿತ್ತಲು ಕೊಡಿ, ನೀರು ಹರಿಯುವ ಹಳ್ಳಕ್ಕೆ ಕೈ ಹಚ್ಚಬೇಡಿ ಎಂಬ ಮೂರು ಮಾತು ಅದರಲ್ಲಿ ಇರಲಿ. ಹೆಣ್ಣುಮಕ್ಕಳನ್ನೂ ಕೇಳಿ. ನಲ್ಲಿ ಎಲ್ಲಿರಬೇಕು, ದೀಪ ಎಲ್ಲಿರಬೇಕು ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ.

ಐದನೆಯದು ಪರಿಹಾರದ ದುಡ್ಡು. ಅದು ಭೂಮಿಯ ಬದಲಿಗೆ ಬಂದದ್ದು, ಮಕ್ಕಳ ಪಾಲೂ ಹೆಣ್ಣುಮಕ್ಕಳ ಪಾಲೂ ಅದರಲ್ಲಿದೆ. ಗಾಡಿ, ಮದುವೆಯ ಆಡಂಬರದಲ್ಲಿ ಅದು ಕರಗಿದರೆ ನಾಳೆ ಆ ಮಕ್ಕಳಿಗೆ ಹೊಲವೂ ಇಲ್ಲ, ಊರೂ ಇಲ್ಲ. ಅದರಲ್ಲಿ ಒಂದು ಪಾಲು ಒಳ್ಳೆಯ ಮನೆಗೆ, ಒಂದು ಪಾಲು ಕಸುಬಿಗೆ ಇರಲಿ. ಸಣ್ಣದೊಂದು ಪಾಲು ಊರಿನ ಬಾವಿಗೆ, ಗಿಡಗಳಿಗೆ ವಕ್ಫ್ ಆಗಲಿ.

ಇದೆಲ್ಲ ನಮ್ಮಿಂದ ಆಗುತ್ತದೆಯೇ ಎಂದು ಕೇಳಬೇಡಿ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗಿ ನೋಡಿ. ಸರ್ಕಾರ ಕಟ್ಟಲಿ ಎಂದು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ, ಬೆವರಿನ ಹನಿಗಳ ಸಾಗರ. ಹೊಳೆಗೆ ಅಡ್ಡಕಟ್ಟೆ ಕಟ್ಟಿದ ಈ ನೆಲದ ಜನಕ್ಕೆ ಒಂದು ಓಣಿಯ ಹಳ್ಳ ಬಿಡಿಸುವುದು, ಅರವತ್ತು ಗಿಡ ಬೆಳೆಸುವುದು, ಒಂದು ಅರ್ಜಿ ಬರೆಯುವುದು ಆಗದ ಮಾತೇ?

ಹಿನ್ನೀರು ಏರಿದ ಊರುಗಳಲ್ಲಿ ನಮ್ಮ ಹಿರಿಯರ ಕಬರ್‌ಗಳು ನೀರಿನಡಿ ಇವೆ. ಅವರನ್ನು ನಾವು ಜೊತೆಗೆ ತರಲಾಗಲಿಲ್ಲ. ಅವರು ಬಾಳಿದ ರೀತಿಯನ್ನು ತರಬಹುದು: ನೆರೆಯವನ ಮನೆಯ ಹೊಗೆ ಕಾಣದಿದ್ದರೆ ಒಲೆ ಹತ್ತಿಲ್ಲವೇನು ಎಂದು ಕೇಳಿ ಹೋಗುತ್ತಿದ್ದ ರೀತಿ, ಬಾವಿಗೆ ಹೋಗುವಾಗ ಚಪ್ಪಲಿ ಬಿಡುತ್ತಿದ್ದ ರೀತಿ, ಗಿಡ ಕಡಿಯುವ ಮುನ್ನ ನಾಲ್ಕು ಸಲ ಯೋಚಿಸುತ್ತಿದ್ದ ರೀತಿ. ಭೂಮಿಯನ್ನು ಅಲ್ಲಾಹನು ನಮಗೆ ಒಪ್ಪಿಸಿದ್ದು ಅಮಾನತ್ತಾಗಿ. ಅಮಾನತ್ತನ್ನು ಮುರಿಯದೆ ಮುಂದಿನವರ ಕೈಗೆ ದಾಟಿಸಬೇಕು, ಲೆಕ್ಕ ಒಪ್ಪಿಸುವ ದಿನ ಒಂದಿದೆ.

ಇಂದು ಅಸರ್ ನಮಾಝಿನ ನಂತರ ಪ್ರತಿ ಜಮಾತಿನ ಹಿರಿಯರು ಹತ್ತು ನಿಮಿಷ ಕೂರಲಿ. ಈ ಐದರಲ್ಲಿ ಒಂದನ್ನಾದರೂ ಆರಿಸಿ, ಹೊಣೆ ಹೊರುವವನ ಹೆಸರು ಬರೆದಿಡಲಿ.

ಯಾ ಅಲ್ಲಾಹ್, ನಮ್ಮ ಊರುಗಳಿಗೆ ಹದವಾದ ಮಳೆ ಕೊಡು. ನಮ್ಮ ಹೊಳೆಗಳನ್ನು ನಮಗೆ ಕರುಣೆಯಾಗಿಸು, ಶಿಕ್ಷೆಯಾಗಿಸಬೇಡ. ಮನೆ ಬಿಟ್ಟು ಹೋಗಬೇಕಾದವರಿಗೆ ಒಳ್ಳೆಯ ನೆಲ, ಒಳ್ಳೆಯ ನೆರೆ ಕೊಡು. ನಾವು ನೆಟ್ಟ ಗಿಡದ ನೆರಳಿನಲ್ಲಿ ನಾವು ಕಾಣದ ಮಕ್ಕಳು ಆಡುವಂತೆ ಮಾಡು. ಆಮೀನ್.